ಅಕ್ಕ ಕಿತ್ತು ಹಾಕಿದ ಫೆಬ್ರವರಿ

ನಮ್ಮಕ್ಕ ಪುಕ್ಕಲಿಯೇನಲ್ಲ. ಇಲಿ ಕಂಡರೆ ಬಾಲ ಹಿಡಿದು ಎಸೆಯುತ್ತಾಳೆ. ಪ್ರೆಸ್ಸಿನ ಮಾಲೀಕರಿಗೂ ಮುಖಕ್ಕೆ ಹೊಡೆದಂತೆ ಮಾತಾಡುತ್ತಾಳೆ. ಅಂಥವಳನ್ನು ಒಂದು ತಿಂಗಳ ಹೆಸರು ಗಡಗಡ ನಡುಗಿಸಿಬಿಟ್ಟಿತು.

ಕ್ಯಾಲೆಂಡರ್ ಪ್ರೆಸ್ಸಿನಲ್ಲಿ ನಮ್ಮಿಬ್ಬರದೂ ಒಂದೇ ಮೇಜು. ಅವಳು ಹಾಳೆಗಳನ್ನು ತಿಂಗಳ ಪ್ರಕಾರ ಜೋಡಿಸುತ್ತಾಳೆ, ನಾನು ಮೇಲೆ ತಗಡಿನ ಪಟ್ಟಿ ಒತ್ತುತ್ತೇನೆ. ಮುಂದಿನ ವರ್ಷ ನಮ್ಮ ಕೈಗೆ ಯಾವತ್ತೂ ಮುಂಚೆಯೇ ಬಂದುಬಿಡುತ್ತದೆ. ಆ ಸಲ ಮಾಲೀಕರಿಗೆ ಅದೇನು ಹುಕಿ ಬಂತೋ, ಪ್ರತಿ ಹಾಳೆಯ ಕೆಳಗೆ ಆ ತಿಂಗಳ ಹೆಸರಿನ ಕಥೆ ಹಾಕಿಸಿದರು. ಜನವರಿಗೆ ಬಾಗಿಲು ಕಾಯುವ ಎರಡು ಮುಖದ ದೇವರು, ಮಾರ್ಚಿಗೆ ಯುದ್ಧದ ದೇವರು. ಫೆಬ್ರವರಿಗೆ ಮಾತ್ರ ಹೀಗಿತ್ತು: ‘ಶುದ್ಧಿ ಎಂಬರ್ಥದ ಹಳೆಯ ರೋಮನ್ ಪದದಿಂದ ಬಂದ ಹೆಸರು. ರೋಮನ್ನರು ಸತ್ತವರನ್ನು ನೆನೆಯುತ್ತಿದ್ದ ತಿಂಗಳು.’

ಅಕ್ಕನ ಕೈ ನಿಂತುಬಿಟ್ಟಿತು. ನಮ್ಮ ಬಾವ ಹೋದದ್ದು ಫೆಬ್ರವರಿಯಲ್ಲಿ. ಅಮ್ಮ ಹೋದದ್ದೂ ಅದರಲ್ಲೇ. ಈಗ ಅಕ್ಕನ ಒಬ್ಬಳೇ ಮಗಳು ಚೊಚ್ಚಲ ಬಸುರಿ, ಡಾಕ್ಟರು ಕೊಟ್ಟ ತಾರೀಖೂ ಫೆಬ್ರವರಿಯದ್ದೇ.

“ಸತ್ತೋರ ತಿಂಗಳಂತೆ ಕಣೇ,” ಎಂದಳು.

“ಅವರು ರೋಮಿನ ಸತ್ತೋರು ಅಕ್ಕಾ. ನಮ್ಮನೆ ದಾರಿ ಅವರಿಗೆ ಯಾರು ಹೇಳ್ತಾರೆ?”

ಅವಳು ನಗಲಿಲ್ಲ. ಮೊದಲೇ ಹೆದರಿದವಳ ಮೇಲೆ ಹಾವು ಎಸೆದ ಹಾಗಾಗಿತ್ತು. ಜನವರಿಯಲ್ಲೇ ಹೆರಿಗೆ ಮಾಡಿಸಿ ಎಂದು ಡಾಕ್ಟರಮ್ಮನನ್ನು ಕೇಳಿ ಬೈಸಿಕೊಂಡು ಬಂದಳು. ಮನೆಯ ಕ್ಯಾಲೆಂಡರಿನಿಂದ ಆ ಹಾಳೆಯನ್ನೇ ಕಿತ್ತು ಹಾಕಿದಳು. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಮಗಳು ಕೆಮ್ಮಿದರೆ ಓಡುವಳು, ನಿಟ್ಟುಸಿರು ಬಿಟ್ಟರೆ ಅಳುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ರಾತ್ರಿ ಫೋನ್ ಬಡಿದುಕೊಂಡರೆ ನಾನೂ ಎದ್ದು ಓಡುತ್ತಿದ್ದೆ.

ಫೆಬ್ರವರಿ ಬಂದೇ ಬಂತು. ಒಂದು ಬೆಳಿಗ್ಗೆ ಅಕ್ಕನ ಮನೆಗೆ ಹಾಲು ಕೊಡಲು ಹೋದರೆ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟು ಮಂಚದ ಅಂಚಿನಲ್ಲಿ ಕೂತಿದ್ದಳು.

“ಚಿಕ್ಕಮ್ಮಾ, ನಿನ್ನೆಯಿಂದ ಮಗು ಒದೀತಿಲ್ಲ,” ಎಂದು ಪಿಸುಗುಟ್ಟಿದಳು.

ಹಾಲಿನ ಪಾತ್ರೆ ಕೆಳಗಿಟ್ಟೆ. “ಅಮ್ಮಂಗೆ ಹೇಳಿದ್ಯಾ?”

“ಹೆಂಗೆ ಹೇಳ್ಲಿ? ಎದೆ ಒಡ್ಕೊಂಡು ಬಿಡ್ತಾಳೆ.”

“ಅಯ್ಯೋ ನಿನ್ನ! ಏಳು, ಏಳು ಮೊದ್ಲು!”

ನನ್ನ ಕೂಗಿಗೆ ಅಕ್ಕ ಅಡುಗೆಮನೆಯಿಂದ ಬಂದವಳು ಬರಿಗಾಲಲ್ಲೇ ಆಟೋ ಹತ್ತಿದಳು. ಆಸ್ಪತ್ರೆಯಲ್ಲಿ ಹುಡುಗಿಯನ್ನು ನೇರ ಆಪರೇಷನ್ನಿಗೆ ಒಯ್ದರು. ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಜೀವ ಕೈಯಲ್ಲಿ ಹಿಡಿದು ಕೂತೆವು. ಎಷ್ಟು ಕಿವಿಗೊಟ್ಟರೂ ಒಳಗಿಂದ ಅಳು ಕೇಳಲಿಲ್ಲ. ಆಮೇಲೆ ಕೇಳಿತು, ಬೆಕ್ಕಿನ ಮರಿಯ ದನಿಯಷ್ಟು ಸಣ್ಣಗೆ.

ಹೆಣ್ಣು ಮಗು. ಸೊರಗಿತ್ತು, ಆದರೆ ಉಸಿರಾಡುತ್ತಿತ್ತು.

ಸಂಜೆ ಡಾಕ್ಟರಮ್ಮ ಮಂಚದ ಪಕ್ಕ ನಿಂತು ಗದರಿದರು: “ಇನ್ನೊಂಚೂರು ತಡ ಆಗಿದ್ರೆ ಕೈಗೆ ಸಿಗ್ತಿರಲಿಲ್ಲ. ನಿನ್ನೇನೇ ಯಾಕಮ್ಮ ಬರಲಿಲ್ಲ?”

ಹುಡುಗಿ ಕಣ್ಣು ಮುಚ್ಚಿಕೊಂಡೇ ಅಂದಳು: “ಅಮ್ಮ ಹೆದರ್ಕೋತಾಳೆ ಅಂತ.”

ಅಕ್ಕನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಮಗಳ ಕೈ ಹಿಡಿದುಕೊಂಡಳು.

“ಹೆದರ್ಕೊಂಡ್ರೆ ಹೆದರ್ಕೋತೀನಿ ಕಣೇ,” ಎಂದಳು. “ಆದ್ರೂ ನಂಗೆ ಹೇಳು.”