ನಿದ್ದೆಯ ಬಯಕೆ

ಬಸುರಿಯರಿಗೆ ‘ಚೆನ್ನಾಗಿ ನಿದ್ದೆ ಮಾಡಿ, ಗಾಳಿಯಲ್ಲಿ ನಡೆದಾಡಿ’ ಎಂದು ಹೇಳುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಕೇಳಿದವರು ಈಗಲೂ ನಗುತ್ತಾರೆ, ಆಗಲೂ ನಗುತ್ತಿದ್ದರು. ನಗಲಿ. ನನ್ನ ಕೆಲಸ ಏನೆಂದು ನನಗೆ ಗೊತ್ತಿತ್ತು. ಅದನ್ನು ಆ ತಾಲ್ಲೂಕಿನಲ್ಲಿ ನನಗಿಂತ ಚೆನ್ನಾಗಿ ಮಾಡುವವರು ಇರಲಿಲ್ಲ ಎಂಬುದೂ ಗೊತ್ತಿತ್ತು. ಇದನ್ನು ಜಂಬ ಎನ್ನುವವರು ಎಂದುಕೊಳ್ಳಬಹುದು.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದರೆ ಜನ ಇಳಿದು ತಳ್ಳಬೇಕಾಗುತ್ತಿತ್ತು. ನಾನು ಹೊಳೆನರಸೀಪುರದವಳು. ಮೈಸೂರಿನಲ್ಲಿ ಹೆರಿಗೆಯ ಕೆಲಸ ಕಲಿತು, ಹಾಸನದಲ್ಲಿ ಕೆಲವು ವರ್ಷ ದುಡಿದಿದ್ದೆ. ಅಂಥ ಒಂದು ಬಸ್ಸನ್ನು ತಳ್ಳಿಕೊಂಡೇ ಚನ್ನರಾಯಪಟ್ಟಣಕ್ಕೆ ವರ್ಗವಾಗಿ ಬಂದೆ ಎನ್ನಬಹುದು. ಬಿಳಿ ಸೀರೆ, ತೊಗಲಿನ ಪೆಟ್ಟಿಗೆ, ಕಾಲಿಗೆ ಗಂಡಸರ ಹಾಗೆ ಬೂಟು. ಮದುವೆಯಾಗಿರಲಿಲ್ಲ. ಯಾಕಾಗಲಿಲ್ಲ ಎಂದು ಕೇಳಿದವರಿಗೆ ನಾನು ಕೊಡುತ್ತಿದ್ದ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಹೆರಿಗೆ ಮಾಡಿಸುವುದರ ಜೊತೆಗೆ ಬೀದಿ ಬೀದಿಯ ಜಗಲಿಯ ಮೇಲೆ ಹೆಂಗಸರನ್ನು ಕೂಡಿಸಿ ಆರೋಗ್ಯದ ಪಾಠ ಹೇಳುವುದೂ ನನ್ನ ಕೆಲಸವಾಗಿತ್ತು. ಅದಕ್ಕೆಂದು ಬಣ್ಣದ ಚಿತ್ರಗಳನ್ನು ಕೊಟ್ಟಿದ್ದರು. ಒಂದರಲ್ಲಿ ಬಸುರಿ ದೊರೆಸಾನಿಯೊಬ್ಬಳು ಕಬ್ಬಿಣದ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದಳು, ಹಿಂದೆ ಕಿಟಕಿ ತೆರೆದಿತ್ತು, ಕಿಟಕಿಯಲ್ಲಿ ಬಿಸಿಲಿತ್ತು. ಇನ್ನೊಂದರಲ್ಲಿ ಅದೇ ದೊರೆಸಾನಿ ಟೋಪಿ ಹಾಕಿಕೊಂಡು ಮರಗಳ ನಡುವೆ ನಡೆಯುತ್ತಿದ್ದಳು.

ಮೊದಲನೆಯ ಚಿತ್ರ ತೋರಿಸಿದಾಗ ಒಬ್ಬಳು, "ಅಗಲೊತ್ನಲ್ಲೇ ಮಲ್ಗವ್ಳೆ. ಈವಮ್ಮಂಗೆ ಅತ್ತೆ ಇಲ್ಲ ಅಂತ ಕಾಣ್ತದೆ" ಎಂದಳು. ಎರಡನೆಯದನ್ನು ತೋರಿಸಿದಾಗ ಇನ್ನೊಬ್ಬಳು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿ, "ನೀರಿಗೆ ಓಗ್ತಾವ್ಳಾ? ಕೊಡನೇ ಇಲ್ವಲ್ಲ" ಎಂದಳು.

"ನೀರಿಗಲ್ಲ. ಸುಮ್ಮನೆ ನಡೀತಿದ್ದಾಳೆ" ಎಂದೆ.

"ಸುಮ್ನೆ ಅಂದ್ರೆ? ಎಲ್ಲಿಗೆ?"

"ಎಲ್ಲಿಗೂ ಇಲ್ಲ."

ಎಲ್ಲಿಗೂ ಹೋಗದೆ ಬೀದಿಯಲ್ಲಿ ನಡೆಯುವ ಹೆಂಗಸಿನ ಬಗ್ಗೆ ಅವರು ಏನು ಯೋಚಿಸಿದರೋ ಅದನ್ನು ನನ್ನ ಮೇಲಿನ ಮರ್ಯಾದೆಗೆ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಚಿತ್ರಗಳನ್ನು ಸುತ್ತಿ ಪೆಟ್ಟಿಗೆಗೆ ತುರುಕಿದೆ. ಆಮೇಲೆ ಅವನ್ನು ಹೊರಗೆ ತೆಗೆದದ್ದು ಕಡಿಮೆ.

ಅಂದು ಜಗಲಿಯ ಮೂಲೆಯಲ್ಲಿ, ಎಲ್ಲರೂ ನಕ್ಕಾಗ ನಗದೆ ಕೂತಿದ್ದ ಒಬ್ಬ ಹುಡುಗಿ ಇದ್ದಳು. ಕಣ್ಣ ಕೆಳಗೆ ಕಪ್ಪು, ಪಾದಗಳಲ್ಲಿ ಬಾವು. ಕಂಬಕ್ಕೆ ಒರಗಿದ್ದವಳು ನೋಡುತ್ತಿದ್ದ ಹಾಗೇ ತೂಕಡಿಸಿದಳು. ಪಕ್ಕದಲ್ಲಿದ್ದ ಹೆಂಗಸು ತಿವಿದ ಮೇಲೆ ಬೆಚ್ಚಿ ಎದ್ದು ಸೆರಗು ಸರಿಮಾಡಿಕೊಂಡಳು. ನಾಲ್ಕೋ ಐದೋ ತಿಂಗಳಿರಬೇಕು ಎಂದು ನನ್ನ ಕಣ್ಣು ಹೇಳಿತು.

ಅವಳು ಪೇಟೆಯಲ್ಲಿ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಜೈನರ ಮನೆಯೊಂದರ ಹಿರಿಯ ಸೊಸೆ. ತಾಯಿಯಿಲ್ಲದ ಹುಡುಗಿ, ಆದ್ದರಿಂದ ಬಸುರು ಬಾಣಂತನ ಎಲ್ಲ ಗಂಡನ ಮನೆಯಲ್ಲೇ. ಎರಡು ಬಸುರು ದಿನ ತುಂಬುವ ಮೊದಲೇ ಹೋಗಿದ್ದವು. ಇದು ಮೂರನೆಯದು. ಇದೂ ಹೋದರೆ ಮಗನಿಗೆ ಇನ್ನೊಂದು ಮದುವೆ ಮಾಡುವುದೆಂದು ಮಾವನವರು ತೀರ್ಮಾನಿಸಿಬಿಟ್ಟಿದ್ದರು. ಅರಕಲಗೂಡಿನ ಕಡೆ ಒಂದು ಹೆಣ್ಣನ್ನೂ ನೋಡಿ ಇಟ್ಟಿದ್ದರು. ಇದು ಗುಟ್ಟೇನಲ್ಲ, ಪೇಟೆಯಲ್ಲಿ ಕಾಯಿ ಸುಲಿಯುವವರಿಗೂ ಗೊತ್ತಿತ್ತು.

ಗಂಡನನ್ನು ನಾನು ಅಂಗಡಿಯಲ್ಲಿ ನೋಡಿದ್ದೆ. ಸಾಧು ಮನುಷ್ಯ. ಎಡಗಿವಿಯಲ್ಲಿ ಯಾವಾಗಲೂ ಹತ್ತಿ. ಚಿಕ್ಕಂದಿನಿಂದ ಆ ಕಿವಿ ಸೋರುತ್ತಿತ್ತಂತೆ. ಗಿರಾಕಿಗಳ ಮಾತಿಗೆ ಬಲಗಿವಿ ಕೊಟ್ಟು, ತಲೆ ವಾಲಿಸಿಕೊಂಡು ಕೂರುತ್ತಿದ್ದ. ಮನೆಯಲ್ಲಿ ಮಾತ್ರ ಅವನ ಯಾವ ಕಿವಿಗೂ ಏನೂ ಬೀಳುತ್ತಿರಲಿಲ್ಲ.

ನಾನು ಆ ಮನೆಗೆ ಹೋದೆ. ಅತ್ತೆ ಬಾಗಿಲಲ್ಲೇ ನಿಂತರು. ಎತ್ತರದ ಹೆಂಗಸು, ನೆಟ್ಟಗಿನ ಬೆನ್ನು, ನನ್ನ ಹಾಗೇ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಜಾತಿ.

"ಇವಳಿಗೆ ರಾತ್ರಿ ಪೂರ್ತಿ ನಿದ್ದೆ ಬೇಕು" ಎಂದೆ. "ಮಧ್ಯಾಹ್ನ ಒಂದು ಗಳಿಗೆ ಎಡಮಗ್ಗುಲಾಗಿ ಮಲಗಬೇಕು. ನೀರಿನ ಕೊಡ ಎತ್ತುವುದು, ಬೀಸುವುದು ಬೇಡ. ತಂಪು ಹೊತ್ತಿನಲ್ಲಿ ಹೊರಗೆ ಗಾಳಿಯಲ್ಲಿ ನಿಧಾನವಾಗಿ ನಡೆದು ಬರಬೇಕು."

"ನೀನೆಷ್ಟು ಎತ್ತಿದ್ದೀಯವ್ವ?"

"ಹೆತ್ತಿಲ್ಲ, ಹೆರಿಸಿದ್ದೀನಿ. ಲೆಕ್ಕ ಇಟ್ಟಿಲ್ಲ."

ಅವರ ತುಟಿಯ ಕೊನೆ ಸ್ವಲ್ಪ ಅಲುಗಿತು, ಆದರೆ ಬಾಗಿಲು ಬಿಡಲಿಲ್ಲ. "ನಾವೆಲ್ಲ ಎತ್ತಿಲ್ವಾ? ಬೀಸ್ತಾ ಬೀಸ್ತಾ ನೋವು ಬಂದು ಎತ್ತೋರು ನಾವು. ಅಗಲೊತ್ತು ಸೊಸೆ ಮಲಗೋ ಮನೇಲಿ ಲಕ್ಷ್ಮಿ ನಿಲ್ಲಾಕಿಲ್ಲ. ಇನ್ನು ಸುಮ್ನೆ ಬೀದಿ ಸುತ್ತಿದ್ರೆ, ಇಂಥೋರ ಮನೆ ಸೊಸೆ ತಿರುಗ್ತಾವ್ಳೆ ಅಂತ ಜನ ಆಡ್ಕೊಳಲ್ವಾ?"

ಆ ಮನೆಯ ರೀತಿಯನ್ನು ಹೇಳಬೇಕು. ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಮುಗಿಯುತ್ತಿತ್ತು. ಅಷ್ಟು ಬೇಗ ಊಟ ಮುಗಿಸುವ ಮನೆಯ ಸೊಸೆ ಬೇಗ ಮಲಗಬಹುದು ಎಂದು ನೀವು ತಿಳಿಯುತ್ತೀರಿ. ಪಾತ್ರೆ ಬೆಳಗಿ, ಮಾರನೆಯ ದಿನದ ಕಾಳು ಆರಿಸಿ, ಮಾವನ ಹಾಸಿಗೆ ಹಾಸಿ, ಅತ್ತೆಯ ಕಾಲು ಒತ್ತಿ, ಎಲ್ಲರೂ ಗೊರಕೆ ಹೊಡೆದ ಮೇಲೆ ಅವಳ ಚಾಪೆ. ಕೋಳಿ ಕೂಗುವ ಮೊದಲೇ ಎದ್ದು ಮಡಿಯಲ್ಲಿ ಬಾವಿಯಿಂದ ನೀರು ಸೇದಿ, ಬಟ್ಟೆಯಲ್ಲಿ ಸೋಸಿ, ಹಂಡೆ ತುಂಬಬೇಕು. ಆಮೇಲೆ ಹೊಗೆ ತುಂಬಿದ ಅಡಿಗೆ ಕೋಣೆ. ಹೊರಗಿನ ಗಾಳಿ ಅವಳಿಗೆ ತಾಗುತ್ತಿದ್ದದ್ದು ಬಸದಿಗೆ ಹೋಗಿಬರುವಾಗ ಮಾತ್ರ, ಅದೂ ಹಬ್ಬಗಳಲ್ಲಿ. ದಣಿಯಲು ಬೇಕಾದಷ್ಟು ಕೆಲಸವಿತ್ತು, ಮೈಗೆ ಹಿತವಾಗುವಂಥದ್ದು ಒಂದೂ ಇರಲಿಲ್ಲ.

ಅಂದು ನಾನು ಸೋತು ಬಂದೆ. ಆದರೆ ಬಿಡುವವಳಲ್ಲ. ಆ ಬೀದಿಗೆ ಕೆಲಸ ಇದ್ದರೂ ಇಲ್ಲದಿದ್ದರೂ ಹೋಗಿ, ಕುಡಿಯಲು ನೀರು ಕೇಳುವ ನೆಪದಲ್ಲಿ ಆ ಮನೆಯ ಜಗಲಿಯ ಮೇಲೆ ಕೂರುತ್ತಿದ್ದೆ. ನೀರು ತಂದುಕೊಡುವ ಆ ಹುಡುಗಿಯ ಪಾದ ನೋಡುತ್ತಿದ್ದೆ. ಬಾವು ಇಳಿದಿರಲಿಲ್ಲ.

ಹೀಗಿರುವಾಗ ಅವಳಿಗೆ ಬಯಕೆ ಊಟದ ದಿನ ಬಂತು. ನಮ್ಮ ಕಡೆ ಬಸುರಿಗೆ ಬಯಕೆ ಕೇಳುತ್ತಾರೆ. ಕೇಳಿದ ಮೇಲೆ ಕೊಡಲೇಬೇಕು. ಹುಣಸೆಚಿಗುರೋ, ಮಾವಿನ ಮಿಡಿಯೋ, ಎಲ್ಲಿಂದಾದರೂ ತರಬೇಕು. ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಎಲ್ಲರೂ ನಂಬಿದ್ದರು. ಅದು ಸುಳ್ಳು ಎಂದು ನಾನು ಕಲಿತಿದ್ದೆ. ಆದರೆ ಆ ನಂಬಿಕೆಯಿಂದ ಬಸುರಿಯರ ಬಾಯಿಗೆ ವರ್ಷಕ್ಕೊಮ್ಮೆಯಾದರೂ ಏನೋ ರುಚಿಯಾದದ್ದು ಬೀಳುತ್ತಿತ್ತು, ಹಾಗಾಗಿ ನಾನು ಅದರ ಗೋಜಿಗೆ ಹೋಗಿರಲಿಲ್ಲ.

ನನ್ನನ್ನು ಕರೆದಿರಲಿಲ್ಲ. ಕರೆಯದಿದ್ದರೂ ಹೋದೆ. ಬೀದಿಯ ಮುತ್ತೈದೆಯರೆಲ್ಲ ಸೇರಿದ್ದರು. ಹುಡುಗಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ ಮಣೆಯ ಮೇಲೆ ಕೂರಿಸಿದ್ದರು. ಅವಳ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿತ್ತು. ಅತ್ತೆಯೇ ಮುಂದೆ ಬಂದು ಎಲೆಯಡಿಕೆ ಕೊಟ್ಟು ಕೇಳಿದರು.

"ಏಳವ್ವ, ಏನು ಬಯಕೆ?"

ಹುಡುಗಿ ತಲೆ ಎತ್ತಲಿಲ್ಲ. "ನಿದ್ದೆ" ಎಂದಳು.

ಯಾರೂ ಹೇಳಿಕೊಟ್ಟ ಮಾತಲ್ಲ, ಆಣೆ ಮಾಡಿ ಹೇಳುತ್ತೇನೆ. ನಿದ್ದೆಗಣ್ಣಿನಲ್ಲಿ ಬಂದ ಮಾತು. ಆಡಿದ ಮೇಲೆ ಅವಳಿಗೇ ಹೆದರಿಕೆಯಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ನಗಲು ಹೋಗಿ ಸುಮ್ಮನಾದಳು. ಇನ್ನೊಬ್ಬಾಕೆ, "ಬಯಕೆ ಅಂದ್ರೆ ನಾಲ್ಗೆದು ಕಣೆ, ಕಣ್ಣಿಂದಲ್ಲ. ತಿನ್ನೋದು ಏನಾರ ಕೇಳು" ಎಂದಳು.

ಇಂಥ ಸಮಯ ಸಿಕ್ಕರೆ ನಾನು ಬಿಡುತ್ತೇನೆಯೇ? ಬಾಗಿಲ ಬಳಿಯಿಂದಲೇ ಗಟ್ಟಿಯಾಗಿ ಹೇಳಿದೆ: "ಬಯಕೆ ನಾಲಿಗೆಗೆ ಮಾತ್ರ ಅಂತ ಯಾವ ಶಾಸ್ತ್ರದಲ್ಲಿದೆ? ಕೇಳಿದವರು ನೀವು, ಹೇಳಿದವಳು ಅವಳು. ಕೊಡಲ್ಲ ಅನ್ನುವುದಾದರೆ ಈ ಮುತ್ತೈದೆಯರ ಮುಂದೆ ಈಗಲೇ ಹೇಳಿ. ನಾಳೆ ಮಗುವಿನ ಕಿವಿ ಸೋರಿದರೆ ನನ್ನ ಹತ್ತಿರ ಔಷಧಿಗೆ ಬರಬೇಡಿ."

ಜಗಳಕ್ಕೆ ನಾನು ಸೊಂಟ ಕಟ್ಟಿ ನಿಂತಿದ್ದೆ. ಅತ್ತೆ ಜಗಳಕ್ಕೆ ಬರಲೇ ಇಲ್ಲ. ನನ್ನ ಕಡೆ ನೋಡಲೂ ಇಲ್ಲ. ಸೊಸೆಯನ್ನೇ ನೋಡುತ್ತಾ ಒಂದಷ್ಟು ಹೊತ್ತು ನಿಂತರು. ಕೈಯಲ್ಲಿದ್ದ ಅರಿಶಿನದ ಬಟ್ಟಲು ಓರೆಯಾಗಿ ನೆಲಕ್ಕೆ ಚೆಲ್ಲಿದ್ದೂ ಅವರಿಗೆ ಗೊತ್ತಾಗಲಿಲ್ಲ. ಆಮೇಲೆ, "ಆಯ್ತು. ಇವತ್ತಿಂದ್ಲೇ ಮಲ್ಗು" ಎಂದರು.

ಪಟ್ಟಣದಲ್ಲಿ ಅಂದು ನನ್ನಷ್ಟು ಎದೆಯುಬ್ಬಿಸಿ ನಡೆದವರು ಯಾರೂ ಇರಲಿಲ್ಲ. ಒಂದು ಮಾತಿನಲ್ಲಿ ಆ ಹೆಂಗಸಿನ ಬಾಯಿ ಮುಚ್ಚಿಸಿದೆ ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡೆ.

ನಿದ್ದೆ ಸಿಕ್ಕಿತು. ಇನ್ನು ನಡಿಗೆ. ಮಾರನೆಯ ದಿನ ನೀರು ಕುಡಿಯುವ ನೆಪದಲ್ಲಿ ಹುಡುಗಿಯ ಕಿವಿಯಲ್ಲಿ, "ಇನ್ನೊಂದು ಬಯಕೆ ಕೇಳು" ಎಂದೆ. "ಕೆರೆ ಏರಿಯ ಮೇಲಿನ ಹುಣಸೆಮರದ ಚಿಗುರು ಬೇಕು ಅನ್ನು. ಬೇರೆಯವರು ಕಿತ್ತು ತಂದರೆ ಆಗುವುದಿಲ್ಲ, ನಾನೇ ಕಿತ್ತು ತಿನ್ನಬೇಕು ಅನ್ನು." ಅವಳು ಹಾಗೇ ಹೇಳಿದಳು. ಎಲ್ಲಿಗೂ ಇಲ್ಲದೆ ನಡೆದರೆ ತಪ್ಪು, ಹುಣಸೆಚಿಗುರಿಗೆ ನಡೆದರೆ ಯಾರ ಅಡ್ಡಿಯೂ ಇಲ್ಲ. ದೊರೆಸಾನಿಯ ಚಿತ್ರ ಬರೆದವನು ಅವಳ ಕೈಗೊಂದು ಚಿಗುರಿನ ರೆಂಬೆ ಕೊಟ್ಟಿದ್ದರೆ ನನಗೆ ಎಷ್ಟೋ ತೊಂದರೆ ತಪ್ಪುತ್ತಿತ್ತು.

ಸೊಸೆಯನ್ನು ಒಬ್ಬಳೇ ಕಳಿಸುವ ಹಾಗಿರಲಿಲ್ಲ, ಆದ್ದರಿಂದ ಅತ್ತೆಯೂ ಹೊರಟರು. ಬೆಳಗಿನ ತಂಪಿನಲ್ಲಿ ಒಂದು ಸಲ, ಸಂಜೆ ಊಟವಾದ ಮೇಲೆ ಒಂದು ಸಲ, ಇಬ್ಬರೂ ಕೆರೆ ಏರಿಯ ಮೇಲೆ ಹೋಗಿಬರುವುದನ್ನು ಊರು ನೋಡಿತು. ಮೊದಮೊದಲು ಅತ್ತೆ ಮುಂದೆ, ಸೊಸೆ ಹಿಂದೆ. ಬರಬರುತ್ತಾ ಇಬ್ಬರೂ ಜೊತೆಯಾಗಿ. ಅತ್ತೆಗೆ ಮಂಡಿ ನೋವಿತ್ತು, ಅದು ಕಡಿಮೆಯಾಯಿತಂತೆ. ನನಗೆ ಮಾತ್ರ ಹೇಳಲಿಲ್ಲ, ಬೀದಿಗೆಲ್ಲ ಹೇಳಿದರು. ನೀರು ಸೇದುವುದಕ್ಕೆ ಒಬ್ಬ ಆಳು ಹೆಂಗಸನ್ನು ಇಟ್ಟರು. ಹುಡುಗಿಯ ಪಾದದ ಬಾವು ಇಳಿಯಿತು, ಕೆನ್ನೆಗೆ ಬಣ್ಣ ಬಂತು. ಹಿಂದಿನ ಎರಡು ಸಲ ಬಸುರು ಇಳಿದುಹೋಗಿದ್ದ ತಿಂಗಳು ಬಂತು, ಹೋಯಿತು. ಆ ತಿಂಗಳು ನಾನು ಮೊಸಳೆ ಎಂಬ ಹಳ್ಳಿಯ ಕಡೆ ಹೋಗಬೇಕಾಗಿದ್ದ ಕೆಲಸವನ್ನು ಮುಂದಕ್ಕೆ ಹಾಕಿ ಪಟ್ಟಣದಲ್ಲೇ ಉಳಿದೆ. ಧೈರ್ಯವಿತ್ತು, ಆದರೂ ಉಳಿದೆ.

ದಿನ ತುಂಬಿ, ಅವಳು ಮಲಗುವ ಮಧ್ಯಾಹ್ನದ ಹೊತ್ತಿಗೇ ನೋವು ಶುರುವಾಯಿತು. ಹೊತ್ತು ಇಳಿಯುವಷ್ಟರಲ್ಲಿ ನನ್ನ ಕೈಗೆ ಹೆಣ್ಣುಮಗು ಬಂತು. ಚೆನ್ನಾಗಿ ಅತ್ತಿತು. ನನಗೂ ಅಳು ಬಂತು. ಪಡಸಾಲೆಯಲ್ಲಿ ಮಾವನವರು ಹೆಣ್ಣು ಎಂದು ಕೇಳಿ ಸುಮ್ಮನೆ ಕೂತಿದ್ದರು. ಅತ್ತೆ ಹೊರಗೆ ಹೋಗಿ ಅವರೆದುರು ನಿಂತು ಹೇಳಿದ್ದು ಒಳಗಿದ್ದ ನಮಗೂ ಕೇಳಿಸಿತು.

"ಅರಕಲಗೂಡಿನೋರಿಗೆ ಏಳಿ ಕಳ್ಸಿ. ಅಲ್ಲಿಂದ ಎಣ್ಣು ತರೋದು ಬ್ಯಾಡ, ನಮ್ಮನೇಲೇ ಎಣ್ಣು ಉಟ್ಟೈತೆ."

ಆ ಸಂಬಂಧದ ಮಾತು ಅಲ್ಲಿಗೇ ನಿಂತಿತು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ತಾಯಿ ಮಗುವನ್ನು ನೋಡಲು ಹೋದೆ. ಬಾಣಂತಿ ಗಾಢ ನಿದ್ದೆಯಲ್ಲಿದ್ದಳು. ಮಗು ಅತ್ತೆಯ ತೊಡೆಯ ಮೇಲಿತ್ತು. ಅವರು ಮಗುವಿನ ಎಡಗಿವಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡುತ್ತಿದ್ದರು. ಮತ್ತೆ ಮತ್ತೆ ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಒಣಗೈತೆ" ಎಂದರು.

"ಒಣಗಿರದೆ ಏನು. ನಾನು ಅವತ್ತು ಅಷ್ಟು ಹೇಳಿದ್ದಕ್ಕೆ ತಾನೆ ನೀವು ಒಪ್ಪಿದ್ದು" ಎಂದೆ. ಬಿಗುಮಾನ ನನ್ನದು.

"ನೀನೇನು ಏಳಿದ್ಯೋ ನಂಗೆ ಕೇಳ್ಸೇ ಇಲ್ಲ ಕಣವ್ವ" ಎಂದರು. "ಅವಳು ನಿದ್ದೆ ಅಂದ್ಲಲ್ಲ, ಆಮ್ಯಾಕೆ ಏನೂ ಕೇಳ್ಸಲಿಲ್ಲ. ನನ್ನ ಬಸುರಲ್ಲಿ ನಮ್ಮತ್ತೆ ಬಯಕೆ ಕೇಳಿದ್ರು. ನಿಪ್ಪಟ್ಟು ಅಂದೆ. ಮಾಡ್ಕೊಟ್ರು, ತಿಂದೆ. ನಂಗೆ ಬೇಕಾಗಿದ್ದು ಅದಲ್ಲ. ನಿದ್ದೆ ಅಂತ ಬಾಯಿ ತುದೀಗೆ ಬಂದಿತ್ತು. ಎಂಗೆ ಏಳೋದು? ನನ್ನ ಮಗನ ಕಿವಿ ಸೋರ್ದಾಗೆಲ್ಲ ನಂಗೆ ಗೊತ್ತು, ಯಾಕೆ ಅಂತ. ಯಾರ್ಗೂ ಏಳಿಲ್ಲ."

ನಾನು ಅವರ ಪಕ್ಕಕ್ಕೆ ಸರಿದು, ನನ್ನ ಹಾಸನ, ಮೈಸೂರಿನ ವಿದ್ಯೆಯನ್ನೆಲ್ಲ ಮೆತ್ತಗೆ ಮಾಡಿಕೊಂಡು ಹೇಳಿದೆ: "ಅಮ್ಮ, ಅದು ನಿಮ್ಮ ಬಯಕೆಯಿಂದ ಆದದ್ದಲ್ಲ. ಚಿಕ್ಕಂದಿನಲ್ಲಿ ನೆಗಡಿಯಾಗಿ ಕಿವಿಗೆ ಇಳಿದಿರುತ್ತದೆ. ಬಯಕೆಗೂ ಕಿವಿಗೂ ಸಂಬಂಧವೇ ಇಲ್ಲ. ನಿದ್ದೆ ಬೇಕಾಗಿದ್ದು ಹೊಟ್ಟೆಯಲ್ಲಿದ್ದ ಮಗುವಿಗೆ, ಅದನ್ನು ಹೊತ್ತ ನಿಮಗೆ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ."

ಅವರ ಕಣ್ಣಲ್ಲಿ ನೀರು ತುಂಬಿತು, ಸೆರಗಿನಿಂದ ಒರೆಸಿಕೊಂಡರು. "ನಿಜವಾ?" ಎಂದರು. ನಿಜ ಎಂದೆ. ಮಗುವನ್ನು ಬಾಣಂತಿಯ ಪಕ್ಕ ಮಲಗಿಸಿ, ಹೊದಿಕೆ ಸರಿಮಾಡಿ, ದನಿ ತಗ್ಗಿಸಿದರು.

"ಈ ಮಾತು ನಂಗೇಳಿದ್ದು ಆಯ್ತು. ಬೀದೀಲಿ ಏಳ್ಬ್ಯಾಡ ಕಣವ್ವ. ನಾಳೆ ಚಿಕ್ಕ ಮಗಂಗೆ ಮದ್ವೆಯಾಗಿ ಕಿರಿ ಸೊಸೆ ಬರ್ತಾಳೆ. ಅವಳೂ ಮಲಗ್ಬ್ಯಾಡ್ವಾ?"

ಹೇಳುವುದಿಲ್ಲ ಎಂದೆ. ನಾನು ಆ ತಾಲ್ಲೂಕಿನಲ್ಲಿದ್ದಷ್ಟು ವರ್ಷವೂ ಹೇಳಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಅವರು ಸೊಸೆಯ ಚಾಪೆಯ ಅಂಚಿನಲ್ಲಿ, ಮಗುವಿನ ಆಚೆ ಬದಿಗೆ, ಎಡಮಗ್ಗುಲಾಗಿ ಮೈ ಚಾಚುತ್ತಿದ್ದರು.

"ಬಾಗ್ಲು ಎಳ್ಕೊಂಡು ಓಗು" ಎಂದರು.