ಬಸವಣ್ಣನ ಬಲಭುಜದ ಬೆಲ್ಲ

ನಮ್ಮವ್ವ ಯಾರನ್ನೂ ಏನನ್ನೂ ನೇರವಾಗಿ ಕೇಳಿದ್ದನ್ನು ನಾನು ನೋಡಿಲ್ಲ. ಕೇಳಿದರೆ ಸಿಗುತ್ತಿರಲಿಲ್ಲ, ಅಷ್ಟೇ. ಎಂಬತ್ತರ ದಶಕದ ಮೊದಲ ವರ್ಷಗಳು. ಶಲವಡಿ ಬಾಜೂಕಿನ ಸಣ್ಣ ಊರು ನಮ್ಮದು. ಮನೆಯಲ್ಲಿ ದೊಡ್ಡಪ್ಪ ಹೇಳಿದ್ದೇ ಮಾತು. ಅಪ್ಪನೋ, ಅಣ್ಣನ ಮಾತಿಗೆ ಗೋಣು ಹಾಕುವುದರಲ್ಲೇ ಅರ್ಧ ಆಯುಷ್ಯ ಕಳೆದವನು.

ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಹತ್ತಿಕಟ್ಟಿಗೆಯ ಹೊಗೆಯಲ್ಲಿ ರೊಟ್ಟಿ ಬಡಿದು ಬಡಿದು ಅವ್ವನ ಕಣ್ಣು ಸದಾ ಕೆಂಪು. ಒಂದು ದಿನ ಬಾಗಿಲ ಮರೆಯಲ್ಲಿ ನಿಂತು ದೊಡ್ಡಪ್ಪನಿಗೆ ಕೇಳುವ ಹಾಗೆ ಅಂದಳು: "ಹಿಂದಿನ ಮನಿಯವ್ರು ಅಡಗಿಮನಿಗೆ ಕಿಡಕಿ ಇಡಸಾಕತ್ಯಾರಂತ್ರಿ ಬಾವಾರ. ನಮಗ ಬ್ಯಾಡ ಬಿಡ್ರಿ. ಅವ್ರಷ್ಟು ನಮಗೆಲ್ಲಿ ಆಗತೈತಿ."

"ಆಗಂಗಿಲ್ಲಂದ್ರ? ಯಾಕ ಆಗಂಗಿಲ್ಲ?" ಎಂದು ದೊಡ್ಡಪ್ಪ ಎದ್ದು ಕೂತ.

ಎಂಟು ದಿನದಲ್ಲಿ ಗೋಡೆ ಒಡೆದು ಕಿಟಕಿ ಇಟ್ಟದ್ದಾಯಿತು. ಬಂದವರಿಗೆಲ್ಲ ದೊಡ್ಡಪ್ಪ ಅದನ್ನು ತೋರಿಸುತ್ತಿದ್ದ. ಹಿಂದಿನ ಮನೆಯವರ ಅಡಿಗೆಮನೆಗೆ ಇವತ್ತಿಗೂ ಕಿಟಕಿ ಇಲ್ಲ.

ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಹತ್ತನೆಯ ಇಯತ್ತೆ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಧಾರವಾಡಕ್ಕೆ ಹೋಗಿ ಟಿ.ಸಿ.ಎಚ್. ಓದಿ ಮಾಸ್ತರಿಣಿ ಆಗಬೇಕೆಂದು ಅವಳ ಆಸೆ. ಹೆಬ್ಬೆಟ್ಟು ಒತ್ತುವ ಅವ್ವನದು ಅವಳಿಗಿಂತ ಹೆಚ್ಚಿನ ಆಸೆ. ದೊಡ್ಡಪ್ಪ ಮಾತ್ರ ಅವಳನ್ನು ತನ್ನ ಹೆಂಡತಿಯ ತಮ್ಮನಿಗೆ, ಯರಗುಪ್ಪಿಗೆ ಕೊಡುವುದೆಂದು ಮನಸ್ಸಿನಲ್ಲೇ ಮುಗಿಸಿಬಿಟ್ಟಿದ್ದ. ವರ ಕೆಟ್ಟವನಲ್ಲ. ಅಕ್ಕನ ಎರಡರಷ್ಟು ವಯಸ್ಸು, ಮಂದಿಗಿಂತ ಎತ್ತಿನ ಜೊತೆ ಹೆಚ್ಚು ಸಲಿಗೆ, ಅಷ್ಟೇ.

ಮಾತು ಮುಗಿಸುವ ಮೊದಲು ದೇವರನ್ನು ಕೇಳಬೇಕು. ನಮ್ಮ ಕಡೆ ಹಾಗೇ. ಊರ ಗುಡಿಯ ಕಲ್ಲಿನ ಬಸವಣ್ಣನ ಎರಡೂ ಭುಜಕ್ಕೆ ಪೂಜಾರಿ ಒದ್ದೆ ಹೂವು ಅಂಟಿಸುತ್ತಾನೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಈ ಹೂವಿನ ಮಾತನ್ನು ದೊಡ್ಡಪ್ಪ ಯಾವತ್ತೂ ಮೀರಿದವನಲ್ಲ. ಮನುಷ್ಯರ ಮಾತು ಕೇಳದವನನ್ನು ಬಗ್ಗಿಸಲು ಅವ್ವನಿಗೆ ಉಳಿದದ್ದು ಅದೊಂದೇ ದಾರಿ.

ಬಸವಣ್ಣನಿಗೆ ಎಣ್ಣೆ ಹಚ್ಚುವ ಹರಕೆ ಇದೆಯೆಂದು ಹೇಳಿ ಅವ್ವ ಹೂ ಕೇಳುವ ಸೋಮವಾರ ನಸುಕಿನಲ್ಲೇ ಗುಡಿಗೆ ಹೊರಟಳು. ಬಟ್ಟಲು ಹಿಡಿಯಲು ನಾನು. ಎಡಭುಜಕ್ಕೆ ಔಡಲೆಣ್ಣೆ ತಿಕ್ಕಿದಳು. ಬಲಭುಜಕ್ಕೆ ಬೆಲ್ಲದ ಪಾಕ ಸವರಿದಳು, ರೊಟ್ಟಿಯ ಹಿಟ್ಟು ತಟ್ಟುವಷ್ಟೇ ನೆಮ್ಮದಿಯಿಂದ. ನಂತರ ಕಣ್ಣು ಮುಚ್ಚಿ, "ತಪ್ಪಾತಪ್ಪಾ ಬಸವಣ್ಣ, ಹೊಟ್ಟ್ಯಾಗ ಹಾಕ್ಕೋ. ನಿನಗೂ ಹೆಣ್ಣಮಕ್ಕಳಿದ್ರ ಗೊತ್ತಾಗ್ತಿತ್ತು" ಎಂದಳು. ನನಗೆ ನಗು ಬಂತು. ಅವಳೂ ನಕ್ಕಳು.

ಮನೆಮಂದಿಯೆಲ್ಲ ಬಂದು ನಿಂತಾಗ ಬಲಭುಜದ ಮೇಲೆ ಇರುವೆ ಹರಿಯುತ್ತಿದ್ದವು. ಪೂಜಾರಿ ಅವುಗಳನ್ನು ಊದಿ, "ಇರವಿಗೂ ಭಕ್ತಿ ಬಂದೈತಿ ನೋಡ್ರಿ" ಎಂದು ಹೂ ಅಂಟಿಸಿದ. ಎಡಗಡೆಯ ಹೂ ಜಾರಿ ಬಿತ್ತು. ದೊಡ್ಡಪ್ಪ ಕೈ ಮುಗಿದು, "ದೇವರ ಒಲ್ಲೆ ಅಂದ್ಮ್ಯಾಲೆ ಮುಗೀತು" ಎಂದ. ಮರುವಾರ ಅವನೇ ಅಕ್ಕನ ಅರ್ಜಿಗೆ ಸಹಿ ಹಾಕಿದ. ಅಕ್ಕ ಧಾರವಾಡಕ್ಕೆ ಒಯ್ಯುವ ಟ್ರಂಕಿಗೆ ತನ್ನ ಕೈಯಾರೆ ಬಣ್ಣ ಬಳಿದಳು.

ಅಷ್ಟರಲ್ಲಿ ಶ್ರಾವಣ ಬಂತು. ಮಠದಲ್ಲಿ ತಿಂಗಳಿಡೀ ಸಂಜೆಗೆ ಪುರಾಣ. ಆ ವರ್ಷ ಬಂದ ಶಾಸ್ತ್ರಿಗಳು ಹೇಳಿದ್ದು ಹಿಂದಿನ ಕಾಲದ ಒಬ್ಬ ರಾಣಿಯ ಕಥೆ. ಮಗನಿಗೆ ಪಟ್ಟ ಕಟ್ಟಿಸಲು ಅವಳು ಪೂಜಾರಿಯನ್ನು ದೇವರ ಮೂರ್ತಿಯ ಹಿಂದೆ ಕೂರಿಸಿ, ದೇವರೇ ನುಡಿದಂತೆ ನುಡಿಸಿದಳಂತೆ. "ದೇವರ ಹೆಸರಿಲೆ ಮೋಸ ಮಾಡಿದ ಹೆಂಗಸಿನ ನಾಲಿಗಿಗೆ ಹುಳ ಬೀಳತಾವ್ರಿ ತಾಯಂದ್ರ!" ಎಂದು ಶಾಸ್ತ್ರಿಗಳು ಹೆಂಗಸರ ಕಡೆಗೇ ಕೈ ಮಾಡಿ ಹೇಳಿದರು. ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು, ಅವ್ವನೂ. ಮುಂದಿನ ಸಾಲಿನಲ್ಲಿ ದೊಡ್ಡಪ್ಪ ಮೋಸಹೋದ ರಾಜನಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಮೂರ್ತಿಯ ಹಿಂದೆ ಕೂತು ಸುಳ್ಳು ನುಡಿದ ಆ ಗಂಡಸಿಗೆ ಏನಾಯಿತೆಂದು ಯಾರೂ ಕೇಳಲಿಲ್ಲ.

ಮರುದಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ದೊಡ್ಡಪ್ಪ, "ಪುರಾಣ ತಿಳೀತೇನಬೇ?" ಎಂದು ನನ್ನನ್ನು ಕೇಳಿದ.

"ತಿಳೀತ್ರಿ ದೊಡ್ಡಪ್ಪ. ನಮ್ಮವ್ವನೂ ಹಂಗ ಮಾಡ್ಯಾಳ್ರಿ" ಎಂದೆ. ಎಣ್ಣೆ, ಬೆಲ್ಲ, ಬಟ್ಟಲು, ಎಲ್ಲ ಹೇಳಿದೆ.

ಅವ್ವನ ನಾಲಿಗೆಗೆ ಹುಳ ಬೀಳಬಾರದೆಂದು ಹೆದರಿ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಮನೆಯಲ್ಲಿ ಯಾವತ್ತೂ ನನ್ನ ಕಡೆ ತಿರುಗಿ ನೋಡದ ದೊಡ್ಡಪ್ಪ ಅವತ್ತು ಚಹಾದ ಬಸಿಯನ್ನು ಕೆಳಗಿಟ್ಟು ನನ್ನ ಮಾತನ್ನು ಕೊನೆಯವರೆಗೆ ಕೇಳಿದ. "ಶಾಣ್ಯಾಕಿ ಅದಿ ನೀ. ಯಾರ ಮುಂದೂ ಹೇಳಬ್ಯಾಡ, ನಾನೂ ನಿನ್ನ ಹೆಸರ ಹೇಳಂಗಿಲ್ಲ" ಎಂದು ತಲೆ ಸವರಿದ. ಆ ಒಂದು ಸವರುವಿಕೆಗೆ ನಾನು ಅಕ್ಕನನ್ನು ಮಾರಿದೆ. ಥೂ!

ದೊಡ್ಡಪ್ಪ ಅವ್ವನ ಮೇಲೆ ಕೈ ಮಾಡಲಿಲ್ಲ. ಬಸವಣ್ಣನಿಗೆ ಸೀಗೆಪುಡಿ ಹಾಕಿ ತಿಕ್ಕಿಸಿ ತೊಳೆಸಿ, ಎಲ್ಲರೆದುರು ಇನ್ನೊಮ್ಮೆ ಹೂ ಕೇಳಿಸಿದ. ಬಲಗಡೆಯ ಹೂ ಬಿತ್ತು. "ಪುರಾಣದಾಗಿನ ರಾಣಿ ನಮ್ಮನ್ಯಾಗ ಹುಟ್ಟ್ಯಾಳ್ರಿ" ಎಂದು ಗುಡಿಯ ಮುಂದೆ ನಿಂತು ಸಾರಿದ. ಅಪ್ಪ ನೆಲ ನೋಡುತ್ತ ನಿಂತಿದ್ದ. ಅಂದಿನಿಂದ ಬಾವಿಗೆ ಹೋದರೂ, ಸಂತೆಗೆ ಹೋದರೂ, "ರಾಣ್ಯಾರು ಬಂದ್ರು, ಹಾದಿ ಬಿಡ್ರಿ" ಎಂದು ಹೆಂಗಸರೇ ಕಿಸಕ್ಕನೆ ನಗುತ್ತಿದ್ದರು. ಅಕ್ಕ ಬಣ್ಣದ ಟ್ರಂಕಿನಲ್ಲಿ ಸೀರೆ ತುಂಬಿಕೊಂಡು ಯರಗುಪ್ಪಿಗೆ ಹೋದಳು.

ಬಟ್ಟಲು ಹಿಡಿದವಳು ನಾನೊಬ್ಬಳೇ. ಅವ್ವನಿಗೆ ತಿಳಿಯದೇ ಇರುತ್ತದೆಯೇ? ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಏಳನೆಯ ಇಯತ್ತೆ ಮುಗಿಸಿದಾಗ, "ಸಣ್ಣಾಕಿನ್ನ ಸಾಲಿ ಬಿಡಸ್ರಿ ಬಾವಾರ, ಓದಸೂದು ಬ್ಯಾಡ್ರಿ, ಲಗೂನ ಒಂದ ಮನಿಗೆ ಹಚ್ಚೂಣು" ಎಂದು ಗಂಟು ಬಿದ್ದಳು. ರಾಣಿ ಹೇಳಿದ್ದರ ಉಲ್ಟಾ ಮಾಡುವುದೇ ಆಗ ದೊಡ್ಡಪ್ಪನ ವ್ರತ. ನನ್ನನ್ನು ಹೈಸ್ಕೂಲಿಗೆ ಸೇರಿಸಿದ. ಮುಂದೆ ಟಿ.ಸಿ.ಎಚ್.ಗೂ ಹಾಗೇ ಕಳಿಸಿದ. ಅಕ್ಕನ ನೌಕರಿಯನ್ನು ನಾನು ಮಾಡಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅಕ್ಕ ಎರಡನೆಯ ಬಾಣಂತನಕ್ಕೆ ಬಂದಿದ್ದಳು. ಒಂದು ರವಿವಾರ ಹೆಡ್ ಮಾಸ್ತರರ ಮನೆಯ ಹೊಸ ಟೀವಿಯಲ್ಲಿ ಗೊಂಬೆಗಳ ಪಿಕ್ಚರ್ ಇದೆಯೆಂದು ಅವಳೂ ಕೂಸನ್ನೆತ್ತಿಕೊಂಡು ನನ್ನ ಜೊತೆ ಬಂದಳು. ಚಿತ್ರದ ಭಾಷೆ ನಮಗೆ ತಿಳಿಯದು. ಆದರೂ ಕೆಟ್ಟವಳು ಯಾರೆಂದು ಕೂಡಲೇ ತಿಳಿಯಿತು: ಚೂಪು ಹುಬ್ಬು, ಉದ್ದ ಉಗುರು, ರಾಜನ ಕಿವಿಯಲ್ಲಿ ಸಣ್ಣ ದನಿ. ಒಳ್ಳೆಯವಳು ಹಾಡು ಹೇಳುವುದು, ಅಳುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಕೊನೆಗೆ ಕೆಟ್ಟವಳು ಬುರುಜಿನ ಮೇಲಿಂದ ಬಿದ್ದಳು. ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ಹೊಡೆದರು.

ಅಕ್ಕ ಚಪ್ಪಾಳೆ ಹೊಡೆಯಲಿಲ್ಲ. "ನಮ್ಮವ್ವಗಿಂತ ಈಕಿ ಪಾಡು," ಎಂದಳು. "ಬೀಳೂಮಟ ಬಾಯಿ ಬಿಡಲಿಲ್ಲ. ನಮ್ಮವ್ವ ನೋಡು, ಅಷ್ಟೆಲ್ಲಾ ಮಾಡಿ, ಪುರಾಣ ಕೇಳಿ ಹೆದರಿ, ತಾನ ಹೋಗಿ ದೊಡ್ಡಪ್ಪನ ಮುಂದ ಒದರಿದ್ಲು."

ನಾನು ಅವಳ ಕಡೆ ತಿರುಗಿದೆ. "ಯಾರ್ ಹೇಳಿದ್ರು ನಿನಗ?"

"ಅವ್ವನ ಹೇಳಿದ್ಲು. ದೊಡ್ಡಪ್ಪಗ ಯಾರ್ ಹೇಳಿದ್ರಂತ ಮೈಮ್ಯಾಲೆ ಬಿದ್ದು ಕೇಳಿದೆ. ನಾನ ಹೇಳಿದೆ ಯವ್ವಾ ಅಂದ್ಲು. ಮ್ಯಾಲೆ ನಿನ್ನನ್ನೂ ಸಾಲಿ ಬಿಡಸಾಕ ಹೊಂಟಿದ್ಲಲ್ಲ. ನಾ ಆಕಿನ್ನ ಸಾಯೂಮಟ ಕ್ಷಮಾ ಮಾಡಂಗಿಲ್ಲ."

ಮನೆಗೆ ಬಂದೆವು. ಅವ್ವ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯನ್ನು ಬಟ್ಟಲಲ್ಲಿ ತಂದು ಅಕ್ಕನ ಮುಂದೆ ಹಿಡಿದಳು. ಅಕ್ಕ ಬಟ್ಟಲನ್ನು ಆಚೆ ಸರಿಸಿದಳು. ನಾನು ಹೇಳಲೆಂದು ಬಾಯಿ ತೆರೆದೆ. ಅವ್ವ ನನ್ನನ್ನೇ ನೋಡಿದಳು, ಸುಮ್ಮನಿರು ಎಂಬಂತೆ. ಸುಮ್ಮನಿದ್ದೆ. ಅವ್ವನ ಮಾತು ಕೇಳಿದೆ ಅಂದುಕೊಳ್ಳುವುದು ನನಗೂ ಅನುಕೂಲವೇ ಆಗಿತ್ತು.

ಅವ್ವ ತೀರಿಕೊಂಡಾಗ ಅಕ್ಕ ಅಳಲಿಲ್ಲ. "ಎಂಥಾ ಕಲ್ಲೆದಿಯಾಕಿ ಬೇ" ಎಂದು ಹೆಂಗಸರು ಆಡಿಕೊಂಡರು. ಅವಳ ಬಾಜೂಕ್ಕೇ ಕೂತು ಬೋರಾಡಿ ಅಳುತ್ತಿದ್ದ ನನ್ನ ತಲೆ ಸವರಿ, "ಸಣ್ಣಾಕಿಗೆ ಅವ್ವನ ಮ್ಯಾಲೆ ಭಾಳ ಜೀವ" ಎಂದರು. ನಾನು ಆಗಲೂ ಬಾಯಿ ಬಿಡಲಿಲ್ಲ.