ಸಿಂಧು ಹೆಸರಿನ ಟಿಫಿನ್ ಡಬ್ಬಿ

ಈ ಪಾಠಕ್ಕೆ ನಾನು ತೆತ್ತದ್ದು ಒಂದು ಸ್ಟೀಲ್ ಟಿಫಿನ್ ಡಬ್ಬಿ. ಅಂಗಡಿಯಲ್ಲಿ ಇನ್ನೂರ ನಲವತ್ತು ರೂಪಾಯಿ. ಮುಚ್ಚಳದ ಮೇಲೆ ತಪ್ಪು ಹೆಸರು ಹಾಕಿಸಿದ್ದೆ. ಸ್ಟೀಲಿನಲ್ಲಿ ಕೊರೆದದ್ದು ಅಳಿಸುವುದಿಲ್ಲ, ಬೇರೆಯವರ ಹೆಸರಿರುವ ಡಬ್ಬಿಯನ್ನು ಯಾರೂ ಕೊಳ್ಳುವುದೂ ಇಲ್ಲ.

ಕೊರೋನಾ ಮುಗಿದ ಮರುವರ್ಷದ ಮಾತು. ಬಂಗಾರಪೇಟೆಯಿಂದ ಬೆಳಗಿನ ಬಸ್ಸು ಹಿಡಿದು ಕೆ.ಜಿ.ಎಫ್. ಗಲ್ಲಿಗಳಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವ ವ್ಯಾಪಾರದಲ್ಲಿ ನನಗಾಗಲೇ ಹತ್ತೊಂಬತ್ತು ವರ್ಷ. ಶುರುವಿನಲ್ಲಿ ಬಂಡವಾಳ ಇರಲಿಲ್ಲ, ಬಾಯಿ ಇತ್ತು. ನಮ್ಮ ಕಸುಬಿನಲ್ಲಿ ಮೊದಲು ಬಟ್ಟೆಯನ್ನು ಬೈಯಬೇಕು; ಒಳಮಗ್ಗುಲು ತಿರುಗಿಸಿ ಕಲೆ, ತೂತು ತೋರಿಸಬೇಕು. ಹೆಂಗಸರೂ ಬಿಡುವವರಲ್ಲ. "ಏನಕ್ಕಾ, ಮೂಟೆ ಸೀರೆ ತಗಂಡು ಚಮಚ ಕೊಟ್ಟು ಓಗ್ತೀಯಾ?" ಎಂದು ಬುಟ್ಟಿಗೇ ಅಡ್ಡ ಕೂರುತ್ತಾರೆ. ಅರ್ಧ ಗಂಟೆ ಜಗಳವಾಡಿ, ಅವರದೇ ಕಾಫಿ ಕುಡಿದು ಏಳುತ್ತೇನೆ.

ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕೆಲಸಗಾರರಿಗೆಂದು ಕಟ್ಟಿದ ಲೈನ್ ಮನೆಯೊಂದರಿಂದ ಮಂಜುಳಾ ಎಂಬಾಕೆ ಕರೆದಳು. ಬೂದಿಕೋಟೆ ಕಡೆಯ ಹೆಣ್ಣು, ನನಗೆ ಹೊಸ ಗಿರಾಕಿ. ಒಗೆದು ಇಸ್ತ್ರಿ ಮಾಡಿದ ಹುಡುಗಿ ಬಟ್ಟೆಗಳ ದೊಡ್ಡ ಗಂಟು ಬಿಚ್ಚಿದಳು. ನಾನು ಅಭ್ಯಾಸದಂತೆ ಶುರು ಮಾಡಿದೆ.

"ಇದ್ರಲ್ಲಿ ಬೀಟ್‌ರೂಟ್ ಕಲೆ. ಈ ಲಂಗದ ಅಂಚು ಮೂರ್ ಸಲ ಬಿಚ್ಚಿ ಇಳಿಸಿದ್ದೀಯಲ್ಲಮ್ಮಾ, ಗೆರೆ ನೋಡು. ಯಾರ್ ತಗತಾರೆ ಇದನ್ನ?"

"ಕೊಡೋದ್ ಕೊಡಕ್ಕಾ. ಪಾಪಂಗೆ ಸ್ಕೂಲ್ಗೆ ಒಂದು ಟಿಫಿನ್ ಡಬ್ಬಿ ಸಾಕು."

ಚೌಕಾಸಿಯೇ ಇಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ; ಲಾಭ ಕಂಡಿತು. ಅವತ್ತು ಬುಟ್ಟಿಯಲ್ಲಿ ಡಬ್ಬಿ ಇರಲಿಲ್ಲ, ಶನಿವಾರ ತರುತ್ತೇನೆಂದು ಗಂಟು ಹೊತ್ತು ಬಂದೆ.

ಮನೆಯಲ್ಲಿ ಬಟ್ಟೆ ವಿಂಗಡಿಸುವಾಗ ಯೂನಿಫಾರ್ಮಿನ ಕಾಲರ್ ಒಳಗೆ ಕೆಂಪು ದಾರದಲ್ಲಿ ಹೊಲಿದ ಹೆಸರು ಕಂಡಿತು: ಸಿಂಧು. ಡಬ್ಬಿ ಬೇಕಾದ ಪಾಪನ ಹೆಸರು ಇದೇ ಅಂದುಕೊಂಡೆ. ಅಷ್ಟು ಒಳ್ಳೆಯ ಬಟ್ಟೆಗೆ ಬರೀ ಡಬ್ಬಿಯೇ ಎಂದು ಮನಸ್ಸು ಚುಚ್ಚಿತು. ಸಮಾಧಾನಕ್ಕೆ ಆಂಡರ್ಸನ್‌ಪೇಟೆಯ ಪಾತ್ರೆ ಅಂಗಡಿಯಲ್ಲಿ, ನನ್ನದೇ ಖರ್ಚಿನಲ್ಲಿ, ಮುಚ್ಚಳದ ಮೇಲೆ ಆ ಹೆಸರು ಕೊರೆಸಿದೆ.

ಶನಿವಾರ ಮಧ್ಯಾಹ್ನ ಹೋದಾಗ ಆರು ವರ್ಷದ ಹುಡುಗಿ ಬಾಗಿಲಲ್ಲಿದ್ದಳು. ಡಬ್ಬಿ ಕೊಟ್ಟೆ. ಬೆರಳಿಟ್ಟು, "ಸಿಂ... ಧು" ಎಂದು ಕೂಡಿಸಿ ಓದಿದಳು. ಒಳಗಿಂದ ಬಂದ ತಾಯಿಯ ಕಣ್ಣು ತುಂಬಿದ್ದನ್ನು ನೋಡಿದಳು. ಕೂಡಲೇ ಡಬ್ಬಿಯನ್ನು ಎದೆಗವಚಿಕೊಂಡಳು.

"ನನ್ ಹೆಸ್ರೇ ಅಮ್ಮಾ! ನಾನೇ ಸಿಂಧು. ಅಳ್ಬೇಡ."

ಮಂಜುಳಾ ಗದರಲಿಲ್ಲ, ಡಬ್ಬಿ ಕಿತ್ತುಕೊಳ್ಳಲಿಲ್ಲ. ಹೊಸ್ತಿಲಲ್ಲೇ ಕೂತು ಮಗುವನ್ನು ತೊಡೆಗೆ ಎಳೆದುಕೊಂಡಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ಅಮ್ಮ ಅತ್ರೂ ಏನೂ ಆಗಲ್ಲ, ಬಂಗಾರ. ಅಕ್ಕ ನೆನಪಾದ್ಲು, ಅಳ್ತೀನಿ, ಆಮೇಲೆ ನಿಂಗೆ ದೋಸೆ ಉಯ್ದು ಕೊಡ್ತೀನಿ. ಈಗ ಏಳು, ನಿನ್ ಹೆಸ್ರೇನು?"

ಬಹಳ ಹೊತ್ತಿನ ಮೇಲೆ, ತಾಯಿಯ ಸೆರಗಿನೊಳಗಿಂದ ಸಣ್ಣಗೆ ಬಂತು: "ಭವ್ಯ."

ಮಗು ಆಡಲು ಹೋದ ಮೇಲೆ ಮಂಜುಳಾ ಹೇಳಿದಳು. ದೊಡ್ಡವಳು ಸಿಂಧು, ಹತ್ತು ವರ್ಷ. ಹಿಂದಿನ ದೀಪಾವಳಿ ಹೊತ್ತಿಗೆ ಜ್ವರದಲ್ಲಿ ಹೋದಳು. "ನಾನ್ ಅತ್ತಾಗೆಲ್ಲ ಇವ್ಳು ಅಕ್ಕನ ಲಂಗ ಆಕ್ಕಂಡು ಬಂದು ನಿಂತ್ಕಳೋಳಕ್ಕಾ. ಕಾಲ್ಗೆ ತೊಡರಿ ಬೀಳೋಳು. ಇವ್ಳು ಇವ್ಳಾಗೇ ಬೆಳೀಲಿ ಅಂತ ಎಲ್ಲಾ ಕೊಟ್ಬಿಟ್ಟೆ."

ಮೂರು ಸಲ ಇಳಿಸಿದ ಆ ಅಂಚನ್ನು ನಾನು ಕುಂದೆಂದು ತೋರಿಸಿದ್ದೆ.

ಅವತ್ತೇ ತಾಯಿ ಮಗಳನ್ನು ಆಟೋದಲ್ಲಿ ಅಂಗಡಿಗೆ ಕರೆದೊಯ್ದೆ. ಭವ್ಯ ಹೆಸರು ಕೊರೆಯುವ ಮಷೀನ್ ಪಕ್ಕ ನಿಂತು ಒಂದೊಂದೇ ಅಕ್ಷರ ಹೇಳಿ ಹೊಸ ಡಬ್ಬಿಗೆ ತನ್ನ ಹೆಸರು ಹಾಕಿಸಿದಳು. ಹಳೆಯದನ್ನು ಮಂಜುಳಾಗೆ ಚಾಚಿದೆ.

"ನಿನ್ನತ್ರಾನೇ ಇರ್ಲಕ್ಕಾ. ಒಂದಿನ ನಾನೇ ಬಂದು ಕೇಳ್ತೀನಿ."

ಇನ್ನೂ ಬಂದಿಲ್ಲ. ಡಬ್ಬಿ ನನ್ನ ಮನೆಯ ಗೋಡೆಗೂಡಿನಲ್ಲಿದೆ, ತಿಂಗಳಿಗೊಮ್ಮೆ ಉಜ್ಜಿಡುತ್ತೇನೆ.

ತಾಯಂದಿರಿಗೆ ನನ್ನದೊಂದು ಮಾತು: ಅಳು ಬಂದರೆ ಮಕ್ಕಳೆದುರು ಅಳಿ, ಆದರೆ ಅದನ್ನು ನಿಲ್ಲಿಸುವ ಕೆಲಸ ಮಕ್ಕಳಿಗೆ ಕೊಡಬೇಡಿ. ನನ್ನ ಹಾಗೆ ಬುಟ್ಟಿ ಹೊರುವವರಿಗೆ ಇನ್ನೊಂದು: ಚೌಕಾಸಿ ಮಾಡದೆ ಒಪ್ಪಿದವರ ಮನೆಯಿಂದ ಗೆದ್ದೆನೆಂದು ಏಳಬೇಡಿ. ಒಂದು ಲೋಟ ನೀರು ಕೇಳಿ ಕೂತುಕೊಳ್ಳಿ. ಡಬ್ಬಿಗೆ ಹೆಸರು ಹಾಕಿಸುವುದಿದ್ದರೆ ಕಾಲರ್ ನೋಡಬೇಡಿ. ಅದನ್ನು ಹಿಡಿಯುವ ಮಗುವಿನ ಬಾಯಿಂದಲೇ ಹೆಸರು ಕೇಳಿ, ಅದು ಹೇಳುವ ತನಕ ಕಾಯಿರಿ.